ಮೂವತ್ತನೇ ದಿನದ ಪೂಜೆಗೆ ಹೋಗಿದ್ದೆ: ಆ ಸಾಲಿನಲ್ಲಿ ನಿಂತದ್ದು ತಪ್ಪಾಯಿತೇ?

ಮಾಹಿಮ್ ಮಲ್ಲಿಗೆ (ಅಕ್ಟೋಬರ್ 13, 2025, ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಮುಂಬಯಿಗೆ ಬಂದು ಮೂವತ್ತೊಂದು ವರ್ಷವಾಯಿತು. ಮನೆ ಮಾಹಿಮ್‌ನಲ್ಲಿ. ಬುಧವಾರ ಬಂತೆಂದರೆ ಸೇಂಟ್ ಮೈಕಲ್ ಇಗರ್ಜಿಯ (ಚರ್ಚಿನ) ಸುತ್ತ ನಡೆಯಲು ಜಾಗವಿರುವುದಿಲ್ಲ. ನಿತ್ಯಸಹಾಯ ಮಾತೆಯ ನೊವೆನಾ ಪ್ರಾರ್ಥನೆಗೆ ಬೆಳಗಿನಿಂದಲೇ ಜನ. ಅವರಲ್ಲಿ ಕುಂಕುಮ ಇಟ್ಟ ಹೆಂಗಸರನ್ನೂ ಬುರ್ಖಾ ತೊಟ್ಟವರನ್ನೂ ಕಂಡಿದ್ದೇನೆ. ಇಷ್ಟು ವರ್ಷ ಆ ಗುಂಪಿನ ನಡುವೆ ತರಕಾರಿ ಚೀಲ ಹಿಡಿದು ದಾರಿ ಮಾಡಿಕೊಂಡು ಹೋದವಳು, ಯಾವ ಇಗರ್ಜಿಯ ಒಳಗೂ ಪೂಜೆಯ ಹೊತ್ತಿಗೆ ಕಾಲಿಟ್ಟಿರಲಿಲ್ಲ.

ಹೋದ ತಿಂಗಳು 12ರಂದು ನಮ್ಮ ಎದುರುಮನೆಯ ಹೆಂಗಸು, ನಾನು "ಬಾಯಿ" ಎನ್ನುತ್ತಿದ್ದವರು, ತೀರಿಕೊಂಡರು. ಬೆಳ್ತಂಗಡಿ ಕಡೆಯವರು, ಮನೆಮಾತು ಕೊಂಕಣಿ, ನನ್ನ ಜೊತೆ ಮಾತ್ರ ಕನ್ನಡ. ನನ್ನ ಯಜಮಾನರು ಆಸ್ಪತ್ರೆಯಲ್ಲಿದ್ದ ಹದಿನೆಂಟು ದಿನ ನನ್ನ ಮನೆಯ ಒಲೆ ಹೊತ್ತಿರಲಿಲ್ಲ. ಗಂಜಿ, ಚಟ್ನಿ ಎಲ್ಲ ಆ ಮನೆಯಿಂದಲೇ ಬರುತ್ತಿತ್ತು. ಪ್ರತಿ ಸೆಪ್ಟೆಂಬರ್ 8ರಂದು, ಮೊಂತಿ ಫೆಸ್ತಿಗೆ, ಅವರ ತೆನೆಹಬ್ಬಕ್ಕೆ, ಹೊಸ ತೆನೆಯ ಕಾಳು ಹಾಕಿದ ಪಾಯಸ ಒಂದು ಬಟ್ಟಲು ನಮಗೆ. ಈ ಸಲವೂ ಕಳಿಸಿದ್ದರು. ನಾಲ್ಕು ದಿನದ ಮೇಲೆ ಅವರಿಲ್ಲ. ಬಟ್ಟಲು ಇನ್ನೂ ನನ್ನ ಕಪಾಟಿನಲ್ಲಿದೆ.

ಮಗಳು ಬಂದು, "ಆಂಟಿ, ಭಾನುವಾರಕ್ಕೆ ಮೂವತ್ತು ದಿನವಾಗುತ್ತದೆ. ಅಂಧೇರಿಯ ಕಡೆ ಕೊಂಕಣಿ ಪೂಜೆ ಇದೆ, ಅಮ್ಮನ ಹೆಸರು ಓದುತ್ತಾರೆ, ನೀವು ಬರಲೇಬೇಕು" ಎಂದಳು. ನಮ್ಮಲ್ಲಿ ಮಾಸಿಕ ಇರುವ ಹಾಗೆ ಅವರಿಗೂ ಇದೆಯಲ್ಲ ಎಂದುಕೊಂಡೆ, ಹೋದೆ.

ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಒಬ್ಬ ಹುಡುಗ ಓಡಿ ಬಂದು, ಇಲ್ಲಿ ಬಿಡಬೇಕಾಗಿಲ್ಲ ಎಂದ. ನಾನು ಬರಿಗಾಲಲ್ಲೇ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ನನಗೆ ಹಾಗೆಯೇ ಸಮಾಧಾನ. ಬೆಂಚಿನ ಮೇಲಿದ್ದ ಹಾಡಿನ ಪುಸ್ತಕ ತೆರೆದೆ. ಅಕ್ಷರಗಳೆಲ್ಲ ಕನ್ನಡ! ಮಾತು ಕೊಂಕಣಿ. ಅರ್ಧದಷ್ಟೂ ಅರ್ಥವಾಗಲಿಲ್ಲ, ಆದರೆ ಪ್ರತಿಯೊಂದು ಸಾಲನ್ನೂ ತಪ್ಪಿಲ್ಲದೆ ಓದಬಲ್ಲೆ. ಎಲ್ಲರೂ ಹಾಡುವಾಗ ನಾನೂ ಓದಿಕೊಂಡು ಹಾಡಿದೆ. ಬಾಯಿ ಅಡುಗೆಮನೆಯಲ್ಲಿ ಗುನುಗುತ್ತಿದ್ದ ಒಂದು ಹಾಡೂ ಬಂತು. ಅದನ್ನು ಮಾತ್ರ ಹಾಡಲಾಗಲಿಲ್ಲ.

ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂಬುದು ತಿಳಿಯದೆ ಪಕ್ಕದ ಮುದುಕಿಯನ್ನು ನೋಡಿ ಮಾಡಿದೆ. ಮಧ್ಯದಲ್ಲೊಮ್ಮೆ ಎಲ್ಲರೂ ಅಕ್ಕಪಕ್ಕದವರ ಕಡೆ ತಿರುಗಿ ಕೈಮುಗಿದರು. ಆ ಮುದುಕಿಯೂ ನನ್ನತ್ತ ತಿರುಗಿ ಕೈಮುಗಿದು ನಕ್ಕರು. ನನ್ನ ಹೆಸರು, ಊರು ಯಾವುದನ್ನೂ ಕೇಳಲಿಲ್ಲ.

ಆಮೇಲೆ ಬೆಂಚು ಬೆಂಚಾಗಿ ಜನ ಎದ್ದು ಸಾಲಿನಲ್ಲಿ ನಿಂತರು. ಬಾಯಿ "ಪರಮಪ್ರಸಾದ" ಎಂಬ ಮಾತು ಆಗಾಗ ಆಡುತ್ತಿದ್ದುದು ನೆನಪಿತ್ತು. ಪ್ರಸಾದ ಎಂದ ಮೇಲೆ ಸ್ವೀಕರಿಸದೆ ಕೂರುವುದು ಅವಮರ್ಯಾದೆ ಎಂದುಕೊಂಡು ನಾನೂ ಎದ್ದೆ. ತೀರ್ಥಕ್ಕೆ ಹಿಡಿಯುವ ಹಾಗೆ ಬಲಗೈ ಮೇಲೆ ಮಾಡಿ ಒಡ್ಡಿದೆ. ಧರ್ಮಗುರುಗಳು ಒಂದು ಕ್ಷಣ ತಡೆದು, ನನಗಷ್ಟೇ ಕೇಳುವಂತೆ, ನೀವು ಕ್ಯಾಥೊಲಿಕರೇ ಎಂದರು. ಇಲ್ಲವೆಂದು ತಲೆಯಾಡಿಸಿದೆ. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳಿಸಿದರು. ಅವರು ಗದರಲಿಲ್ಲ, ಮುಖ ಸಿಂಡರಿಸಲಿಲ್ಲ. ಆದರೂ ಖಾಲಿ ಕೈಯಲ್ಲಿ ಹಿಂದಿರುಗಿ ಬೆಂಚಿಗೆ ಬರುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು.

ನಿನ್ನೆಯಿಂದ ಅದೇ ಯೋಚನೆ. ಬಾಯಿಯ ಹೆಸರಿನ ಪೂಜೆಯಲ್ಲಿ ನಾನು ಅಪಚಾರ ಮಾಡಿದೆನೇ? ತಿಳಿದವರು ಹೇಳಿ.

ಬೊರಿವಲಿ ತೆನೆ (ಅಕ್ಟೋಬರ್ 13, ತಡರಾತ್ರಿ)

ಅಕ್ಕ, ಮೊದಲು ಉತ್ತರ: ಅಪಚಾರವಾಗಲಿಲ್ಲ. ನಾನು ಮಂಗಳೂರು ಕ್ಯಾಥೊಲಿಕ, ಚಿಕ್ಕವನಿದ್ದಾಗ ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠಸೇವಕನಾಗಿದ್ದವನು. ನಿಮ್ಮಂತೆ ಪ್ರೀತಿಯಿಂದ ಬಂದು ಸಾಲಿನಲ್ಲಿ ನಿಂತವರನ್ನು ಎಷ್ಟೋ ಸಲ ಹತ್ತಿರದಿಂದ ನೋಡಿದ್ದೇನೆ. ಆ ಗುರುಗಳು ಮಾಡಿದ್ದು ಸರಿ, ನೀವು ತಲೆಯಾಡಿಸಿದ್ದೂ ಸರಿ.

ತೊಡಕು ಇರುವುದು ಆ ಪದದಲ್ಲಿ. ಕನ್ನಡ ಕ್ಯಾಥೊಲಿಕರು ಅದನ್ನು ಪರಮಪ್ರಸಾದ ಎನ್ನುತ್ತೇವೆ, ಕೇಳಿದವರಿಗೆ ಗುಡಿಯ ಪ್ರಸಾದವೇ ನೆನಪಾಗುತ್ತದೆ. ಪ್ರಸಾದವನ್ನು ಬಂದವರಿಗೆಲ್ಲ ಹಂಚುತ್ತಾರೆ. ಇಲ್ಲಿ ಹಾಗಲ್ಲ. ಬಲಿಪೂಜೆಯಲ್ಲಿ, ಅಂದರೆ ನೀವು ಹೋಗಿದ್ದ ಆ ಪೂಜೆಯಲ್ಲಿ, ಆ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ಶರೀರ ಮತ್ತು ರಕ್ತವೇ ಆಗುತ್ತವೆ ಎಂಬುದು ನಮ್ಮ ವಿಶ್ವಾಸ. ಕೈಯೊಡ್ಡಿ "ಆಮೆನ್" ಎನ್ನುವವನು ಇದನ್ನು ನಂಬುತ್ತೇನೆ, ಈ ಸಭೆಗೆ ಸೇರಿದವನು ಎಂದು ಬಾಯಿಬಿಟ್ಟು ಒಪ್ಪಿಕೊಂಡಂತೆ. ನಂಬದವರ ಬಾಯಲ್ಲಿ ಆ ಮಾತು ಹೇಳಿಸಬಾರದು ಎಂಬುದೂ ಒಂದು ಮರ್ಯಾದೆ ಎಂದೇ ನಾನು ತಿಳಿದಿದ್ದೇನೆ.

ಕ್ಯಾಥೊಲಿಕರಾದವರೂ ಎಲ್ಲ ಸಲ ಹೋಗುವುದಿಲ್ಲ. ಗುರುತರ ಪಾಪ ಮಾಡಿದವರು ಮೊದಲು ಪಾಪನಿವೇದನೆಗೆ, ಅಂದರೆ ಗುರುಗಳ ಬಳಿ ಪಾಪ ಹೇಳಿಕೊಳ್ಳಲು, ಹೋಗಬೇಕು. ಸ್ವೀಕರಿಸುವ ಒಂದು ಗಂಟೆ ಮೊದಲು ಏನೂ ತಿಂದಿರಬಾರದು. ಮಕ್ಕಳಿಗೆ ಪಾಠ ಹೇಳಿ, ಸಿದ್ಧಮಾಡಿದ ಮೇಲೆಯೇ ಮೊದಲ ಪರಮಪ್ರಸಾದ. ಹಾಗಾಗಿ ಆ ಹೊತ್ತಿನಲ್ಲಿ ಬೆಂಚಿನಲ್ಲೇ ಕುಳಿತವರು ಪ್ರತಿ ಪೂಜೆಯಲ್ಲೂ ಇರುತ್ತಾರೆ. ಮುಂದಿನ ಸಲ ನಿಶ್ಚಿಂತೆಯಿಂದ ಕುಳಿತಿರಿ. ಕೆಲವು ಕಡೆ ಎದೆಯ ಮೇಲೆ ಕೈಗಳನ್ನು ಅಡ್ಡವಾಗಿ ಇಟ್ಟುಕೊಂಡು ಹೋದರೆ ಆಶೀರ್ವಾದ ಕೇಳುತ್ತಿದ್ದಾರೆ ಎಂದು ಗುರುಗಳಿಗೆ ತಿಳಿಯುತ್ತದೆ. ಅಂದ ಹಾಗೆ ನಾವು ಎಡಗೈ ಮೇಲಿಟ್ಟು ಒಡ್ಡುತ್ತೇವೆ. ಅದರಿಂದ ಬಲಗೈಯಲ್ಲಿ ಎತ್ತಿ ಬಾಯಿಗೆ ಇಟ್ಟುಕೊಳ್ಳಲು. ನಿಮ್ಮ ಕೈ ನೋಡಿಯೇ ಅವರಿಗೆ ಗೊತ್ತಾಗಿರಬೇಕು.

ಕೈಮುಗಿದ ವಿಷಯ ಬರೆದಿದ್ದೀರಿ. ಅದು ಶಾಂತಿಯ ವಿನಿಮಯ. ಬೇರೆ ದೇಶಗಳಲ್ಲಿ ಕೈಕುಲುಕುತ್ತಾರೆ, ಅಪ್ಪಿಕೊಳ್ಳುತ್ತಾರೆ. ಭಾರತದಲ್ಲಿ ಅಂಜಲಿಬದ್ಧರಾಗಿ ನಮಸ್ಕರಿಸುವುದಕ್ಕೆ, ಆರತಿಗೆ, ಇನ್ನೂ ಕೆಲವು ನಮ್ಮ ರೂಢಿಗಳಿಗೆ ರೋಮ್ 1969ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮೊದಲು, 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ತನಕ, ಪೂಜೆಯೇ ಲ್ಯಾಟಿನ್‌ನಲ್ಲಿತ್ತು. ನನ್ನ ಅಜ್ಜಿ ಲ್ಯಾಟಿನ್ ಉತ್ತರಗಳನ್ನು ಬಾಯಿಪಾಠ ಹೇಳುತ್ತಿದ್ದರು, ಒಂದಕ್ಷರದ ಅರ್ಥವೂ ತಿಳಿಯದೆ. ನೀವು ಕನ್ನಡ ಅಕ್ಷರದ ಕೊಂಕಣಿಯನ್ನು ಓದಿ ಹಾಡಿದ್ದು ಓದಿದಾಗ ಅವರು ನೆನಪಾದರು. ಮಂಗಳೂರಿನವರು ಕೊಂಕಣಿಗೆ ಕನ್ನಡ ಲಿಪಿ ಬಳಸುತ್ತೇವೆ, ಗೋವಾದ ಕ್ರೈಸ್ತರು ರೋಮನ್ ಲಿಪಿ. ನಮ್ಮ ವಾರಪತ್ರಿಕೆ "ರಾಕ್ಣೊ" 1938ರಿಂದ ಕನ್ನಡ ಅಕ್ಷರದಲ್ಲೇ ಬರುತ್ತಿದೆ.

ಇನ್ನೊಂದು ಮಾತು ಹೇಳದೆ ಮಲಗಲಾರೆ. ಭಾನುವಾರದ ಬೈಬಲ್ ವಾಚನಗಳು ಮೂರು ವರ್ಷಗಳ ಸರದಿಯಲ್ಲಿ ಬರುತ್ತವೆ. ಆಯಾ ದಿನ ಎಲ್ಲ ದೇಶಗಳಲ್ಲೂ ಅವೇ. ನಿನ್ನೆಯದು ಲೂಕನ ಸುವಾರ್ತೆಯ 17ನೇ ಅಧ್ಯಾಯ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ, ಕೃತಜ್ಞತೆ ಹೇಳಲು ಹಿಂದಿರುಗಿ ಬರುವವನು ಒಬ್ಬನೇ. ಅವನು ಸಮಾರ್ಯದವನು, ಯೆಹೂದ್ಯರು ಬಳಕೆ ಇಟ್ಟುಕೊಳ್ಳದ ಪರಕೀಯ. ಮೊದಲನೆಯ ವಾಚನವೂ ಪರಕೀಯನದೇ, ಸಿರಿಯಾದ ಸೇನಾಪತಿ ನಾಮಾನನದು. ನೀವು ಅರ್ಧ ತಿಳಿದು ಅರ್ಧ ತಿಳಿಯದೆ ಕೇಳಿದ ಕಥೆ ಇದು.

ಪೇಠೆಯ ಓದುಗ (ಅಕ್ಟೋಬರ್ 14)

ಪುಣೆಯಿಂದ ಬರೆಯುತ್ತಿದ್ದೇನೆ. ಬೊರಿವಲಿಯವರ ವಿವರಣೆ ಸಭ್ಯವಾಗಿದೆ, ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಸತ್ತವರ ಹೆಸರಿನಲ್ಲಿ ಕರೆದು ಕೂರಿಸಿದವರು, ಕೈಯೊಡ್ಡಿದಾಗ ನೀನು ಯಾರು ಎಂದು ಕೇಳಬಾರದು. ನಮ್ಮ ಗುಡಿಗಳಲ್ಲಿ ಪ್ರಸಾದಕ್ಕೆ ಕೈಯೊಡ್ಡಿದವರನ್ನು ಯಾರೂ ಯಾವತ್ತೂ ನೀನು ಯಾರು ಎಂದು ಕೇಳಿದ್ದಿಲ್ಲ. ಈ ಅಕ್ಕನಿಗೆ ಆದ ನೋವು ನಿಜವಾದದ್ದು, ಅದನ್ನು ವಿವರಣೆಯಿಂದ ತೊಳೆಯಲಾಗದು.

ಬಿದರಿ ಹೂಜಿ (ಅಕ್ಟೋಬರ್ 14)

ಪೇಠೆಯ ಸರ್, ನಿಮ್ಮ ಆ ನಾಲ್ಕನೆಯ ವಾಕ್ಯ ಓದಿ ಕೈ ನಡುಗಿತು. ಸಿಟ್ಟಿನಿಂದ ಬರೆಯಬಾರದೆಂದು ಎರಡು ಗಂಟೆ ಕಾದು ಬರೆಯುತ್ತಿದ್ದೇನೆ.

ನನ್ನ ಅಜ್ಜಿ ಬೀದರ್ ಜಿಲ್ಲೆಯ ಹಳ್ಳಿಯವರು. ಊರ ಹನುಮಪ್ಪನ ಗುಡಿಯ ಮೆಟ್ಟಿಲನ್ನು ಅವರು ಕೊನೆಯವರೆಗೂ ಹತ್ತಲಿಲ್ಲ. ಜಾತ್ರೆಯ ದಿನ ಕೊಬ್ಬರಿ, ಸಕ್ಕರೆ ಸಿಗುತ್ತಿತ್ತು. ಸೆರಗಿನಲ್ಲಿ ಬೀಳುವ ಹಾಗೆ ಮೇಲಿನಿಂದ ಹಾಕುತ್ತಿದ್ದರು. ಯಾರೂ "ನೀನು ಯಾರು" ಎಂದು ಕೇಳುತ್ತಿರಲಿಲ್ಲ, ನಿಜ. ಕೇಳುವ ಅಗತ್ಯ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅವರು ಮೆಥೊಡಿಸ್ಟ್ ಸಭೆಗೆ ಸೇರಿದ ಮೇಲೆ ಮೊದಲ ಭಾನುವಾರ ಚಾಪೆಯ ಮೇಲೆ ಎಲ್ಲರ ಜೊತೆ ಕುಳಿತದ್ದನ್ನು ಸಾಯುವವರೆಗೂ ಹೇಳುತ್ತಿದ್ದರು. ಉಪದೇಶ ಏನಿತ್ತು ಎಂದರೆ ನೆನಪಿಲ್ಲ ಎನ್ನುತ್ತಿದ್ದರು. ಸಭಾಪಾಲಕರು ರೊಟ್ಟಿಯ ತುಣುಕನ್ನು ತಮ್ಮ ಬೆರಳಿನಿಂದ ಅವರ ಅಂಗೈಯಲ್ಲಿ ಒತ್ತಿ ಇಟ್ಟದ್ದು ನೆನಪಿತ್ತು. ಬೆರಳು ತಗುಲಿತು ಎಂಬುದೇ ಅವರಿಗೆ ಸುವಾರ್ತೆ. ನಮ್ಮಲ್ಲಿ ಅದಕ್ಕೆ ಪರಮಪ್ರಸಾದ ಎನ್ನುವುದಿಲ್ಲ, ಕರ್ತನ ಭೋಜನ ಎನ್ನುತ್ತೇವೆ. ಭೋಜನ ಎಂದರೆ ಪಂಕ್ತಿ. ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದರ ಮೇಲೆ ನಮ್ಮ ನಾಡಿನಲ್ಲಿ ಎಷ್ಟು ಜೀವಗಳು ಸವೆದಿವೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಇಗರ್ಜಿಗಳೊಳಗೆ ಜಾತಿ ಸತ್ತಿದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಮದುವೆಯ ಮಾತು ಬಂದಾಗ ಎದ್ದು ಕೂರುತ್ತದೆ. ಸರ್ಕಾರದ ಲೆಕ್ಕದಲ್ಲೂ ನಾವು ಎಲ್ಲಿಯೂ ಸೇರದವರು: 1950ರ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಇಲ್ಲ. ಇಷ್ಟೆಲ್ಲ ಇದ್ದರೂ ನಾನು ಭಾನುವಾರ ತಪ್ಪಿಸುವುದಿಲ್ಲ. ಇಲ್ಲಿ ನಮ್ಮ ಕನ್ನಡ ಆರಾಧನೆ ಸಂಜೆಗೆ. ಬೆಳಿಗ್ಗೆ ಅದೇ ಕಟ್ಟಡದಲ್ಲಿ ಮರಾಠಿಯವರದು ನಡೆಯುತ್ತದೆ. ಗಾರೆ ಕೆಲಸದವರು, ಮನೆಗೆಲಸದವರು, ಒಬ್ಬರು ಬ್ಯಾಂಕಿನವರು. ಹಾರ್ಮೋನಿಯಂ, ತಬಲಾ.

ಮಾಹಿಮ್ ಅಕ್ಕ, ನಿಮ್ಮ ತಲೆಯ ಮೇಲೆ ಆ ಗುರುಗಳು ಕೈಯಿಟ್ಟರು ಎಂದು ಬರೆದಿದ್ದೀರಿ. ನೀವು ಖಾಲಿ ಕೈಯಲ್ಲಿ ಬಂದೆ ಎನ್ನುತ್ತೀರಿ. ನನ್ನ ಅಜ್ಜಿ ಹಾಗೆನ್ನುತ್ತಿರಲಿಲ್ಲ.

ಪೇಠೆಯ ಓದುಗ (ಅಕ್ಟೋಬರ್ 14)

ಕ್ಷಮಿಸಿ. "ಯಾವತ್ತೂ ಕೇಳಿದ್ದಿಲ್ಲ" ಎಂದು ನಾನು ಬರೆಯಬಾರದಿತ್ತು. ಅದು ನನ್ನನ್ನು ಕೇಳಿದ್ದಿಲ್ಲ ಎಂದಷ್ಟೇ. ಆ ಸಾಲನ್ನು ಅಳಿಸದೆ ಹಾಗೆಯೇ ಬಿಡುತ್ತೇನೆ, ನಿಮ್ಮ ಉತ್ತರ ಅದರ ಕೆಳಗೇ ಇರಲಿ.

ಬಂದರಿನ ಬಸವ (ಅಕ್ಟೋಬರ್ 15)

ನಾನು ವಾಸ್ಕೊದಲ್ಲಿರುವವನು, ಊರು ವಿಜಯಪುರ ಜಿಲ್ಲೆ. ನನ್ನ ತಾಯಿಯ ಮಾತು ಇಲ್ಲಿ ಹೇಳಬೇಕೆನಿಸಿತು.

ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪಾರ್ಥಿವ ಶರೀರವನ್ನು ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಇಡುತ್ತಾರೆ. ಹೋದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇತ್ತು. ಬೊಂ ಜೆಸುಸ್ ಬಸಿಲಿಕಾದಿಂದ ಎದುರಿನ ಸೆ ಕ್ಯಾಥೆಡ್ರಲ್‌ಗೆ ತರುತ್ತಾರೆ. ತಾಯಿ ಆಗ ಊರಿನಿಂದ ಬಂದಿದ್ದರು. ಅವರಿಗೆ ಕೇಳಿದ ಕೂಡಲೇ ಹೊರಡೋಣ ಎಂದರು. ಸಾಲಿನಲ್ಲಿ ನಿಂತಾಗ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಅಪ್ಪಗಳ ಗದ್ದುಗೆ ಇದು?" ಬಹಳ ದೂರದಿಂದ ಬಂದವರು, 1552ರಲ್ಲಿ ಚೀನಾದ ಹತ್ತಿರದ ದ್ವೀಪದಲ್ಲಿ ತೀರಿಕೊಂಡವರು, ಶರೀರವನ್ನು ಇಲ್ಲಿಗೆ ತಂದರು ಎಂದೆ. "ಊರಿಂದ ಅಷ್ಟು ದೂರ ಸತ್ತರೇನು" ಎಂದು ಮರುಗಿದರು. ಗಾಜಿನ ಪೆಟ್ಟಿಗೆಯ ಮುಂದೆ ಸೆರಗು ಹೊದ್ದು ಬಾಗಿ, ಊರಿನ ಗದ್ದುಗೆಗೆ ಮಾಡುವ ಹಾಗೆ ನಮಸ್ಕರಿಸಿದರು. ಕಾವಲಿಗಿದ್ದ ಸ್ವಯಂಸೇವಕಿ ಅವರ ಮೊಣಕೈ ಹಿಡಿದು ಎಬ್ಬಿಸಿದಳು.

ಗೋವಾದಲ್ಲಿ ಇದು ಹೊಸದೇನಲ್ಲ. ಮಾಪ್ಸಾದ ಸಂತ ಜೆರೋಮರ ಇಗರ್ಜಿಯಲ್ಲಿ ಮಿಲಾಗ್ರಿಸ್ ಸಾಯ್ಬಿಣಿಯ (ಮರಿಯಮ್ಮನವರ) ಹಬ್ಬ, ಈಸ್ಟರ್ ಆದ ಎರಡು ವಾರದ ಮೇಲಿನ ಸೋಮವಾರ. ಶಿರಗಾಂವದ ಲಯ್ರಾಯಿ ದೇವಿಯೂ ಈ ಸಾಯ್ಬಿಣಿಯೂ ಏಳು ಅಕ್ಕತಂಗಿಯರಲ್ಲಿ ಸೇರಿದವರು ಎಂದು ಇಲ್ಲಿಯ ಜನ ಹೇಳುತ್ತಾರೆ. ಹಿಂದೂಗಳು ಎಣ್ಣೆ ತಂದು ಅರ್ಪಿಸುತ್ತಾರೆ. ನಾನೂ ಒಮ್ಮೆ ಎಣ್ಣೆಯ ಶೀಸೆ ಹಿಡಿದು ನಿಂತಿದ್ದೇನೆ. ಅಲ್ಲಿ ಬಲಿಪೂಜೆಯ ಸಾಲೇ ಬೇರೆ, ಈ ಎಣ್ಣೆಯ ಸಾಲೇ ಬೇರೆ. ಎರಡನೆಯದಕ್ಕೆ ಯಾರು ಬೇಕಾದರೂ ನಿಲ್ಲಬಹುದು. ಅಕ್ಕ ನಿಂತದ್ದು ಮೊದಲನೆಯದರಲ್ಲಿ, ಅಷ್ಟೇ ವ್ಯತ್ಯಾಸ.

ಪೇಠೆಯ ಓದುಗ (ಅಕ್ಟೋಬರ್ 15)

ಬಸವ ಅವರೇ, ನಿಮ್ಮ ತಾಯಿಯ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಸಂತರೇ 1546ರಲ್ಲಿ ಪೋರ್ಚುಗಲ್ಲಿನ ದೊರೆಗೆ ಬರೆದ ಪತ್ರದಲ್ಲಿ ಗೋವಾಕ್ಕೆ ಇನ್‌ಕ್ವಿಸಿಷನ್, ಅಂದರೆ ಮತದ್ರೋಹ ವಿಚಾರಿಸಿ ಶಿಕ್ಷಿಸುವ ಇಗರ್ಜಿಯ ನ್ಯಾಯಾಲಯ, ಬೇಕೆಂದು ಕೇಳಿದ್ದರು. 1560ರಲ್ಲಿ ಅದು ಬಂತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೆ ನಡೆಯಿತು. ಗುಡಿಗಳು ಉರುಳಿದವು, ದೇವರುಗಳನ್ನು ಹೊತ್ತುಕೊಂಡು ಜನ ನದಿ ದಾಟಿದರು. ಹಳೆ ಗೋವಾದ ಇಗರ್ಜಿಯಲ್ಲಿ ನಿಂತಾಗ ನನಗೆ ಹಾಡು ಕೇಳುವುದಿಲ್ಲ, ಇದೇ ಕೇಳುತ್ತದೆ. ಇದನ್ನು ದ್ವೇಷದಿಂದ ಬರೆಯುತ್ತಿಲ್ಲ. ಪರಿಚಯವಿಲ್ಲದ ಪೂಜಾಸ್ಥಳಕ್ಕೆ ಹೋಗಿ ಬಂದವರು ಅದನ್ನೂ ತಿಳಿದಿರಬೇಕು ಎಂದು ನಂಬಿದ್ದೇನೆ.

ಬೊರಿವಲಿ ತೆನೆ (ಅಕ್ಟೋಬರ್ 15)

ತಿಳಿದಿರಲೇಬೇಕು. ನೀವು ಬರೆದದ್ದರಲ್ಲಿ ಒಂದನ್ನೂ ಅಲ್ಲಗಳೆಯುವುದಿಲ್ಲ. ಒಂದು ಸಂಗತಿ ಮಾತ್ರ ಸೇರಿಸುತ್ತೇನೆ. ಆ ನ್ಯಾಯಾಲಯದ ಕಣ್ಣು ಹೆಚ್ಚಾಗಿ ಇದ್ದದ್ದು ಹೊಸದಾಗಿ ಕ್ರೈಸ್ತರಾದವರ ಮೇಲೆ: ಹಳೆಯ ರೂಢಿ ಬಿಟ್ಟಿದ್ದಾರೋ ಇಲ್ಲವೋ ಎಂದು. 1736ರ ಆಜ್ಞೆಯೊಂದು ಅನ್ನವನ್ನು ಉಪ್ಪಿಲ್ಲದೆ ಬೇಯಿಸುವುದನ್ನೂ ನಿಷೇಧಿಸಿತು, ಹಿಂದೂಗಳು ಹಾಗೆ ಬೇಯಿಸುತ್ತಾರೆ ಎಂಬ ಕಾರಣಕ್ಕೆ. ನಮ್ಮ ಅಡುಗೆಮನೆಯವರೆಗೆ ಬಂದಿದ್ದರು. ಬರಗಾಲ, ಮರಾಠರ ದಾಳಿಗಳ ಜೊತೆಗೆ ಇದೂ ಸೇರಿ ನಮ್ಮ ಹಿರಿಯರು ಗೋವಾ ಬಿಟ್ಟು ಕನ್ನಡ ಜಿಲ್ಲೆಗೆ, ಈಗಿನ ಕರಾವಳಿ ಕರ್ನಾಟಕಕ್ಕೆ, ಬಂದರು. ಮಾಹಿಮ್ ಅಕ್ಕನ ಕೈಗೆ ಸಿಕ್ಕ ಆ ಕನ್ನಡ ಅಕ್ಷರದ ಹಾಡಿನ ಪುಸ್ತಕ ಹುಟ್ಟಿದ್ದು ಆ ವಲಸೆಯಿಂದ. ನಾನು ಹಳೆ ಗೋವಾಕ್ಕೆ ಹೋದಾಗ ಎರಡೂ ಕೇಳುತ್ತದೆ.

ಬಂದರಿನ ಬಸವ (ಅಕ್ಟೋಬರ್ 15)

ಆ ಪತ್ರದ ವಿಷಯ ನನಗೆ ತಿಳಿದಿರಲಿಲ್ಲ. ತಾಯಿಗೆ ಹೇಳುವುದೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ಹೇಳಿದರೂ ಅವರು ಮಾಡಿದ ನಮಸ್ಕಾರವನ್ನು ಹಿಂದಕ್ಕೆ ತೆಗೆದುಕೊಳ್ಳಲಾರರು ಎನಿಸುತ್ತದೆ.

ಉಡುಪಿ ಕೈಮಗ್ಗ (ಅಕ್ಟೋಬರ್ 16)

ತಡವಾಗಿ ನೋಡಿದೆ. ನಾನು ಪ್ರೊಟೆಸ್ಟಂಟರ ಬಾಸೆಲ್ ಮಿಶನ್ ಮನೆತನದವಳು, ಈಗ ಪುಣೆಯಲ್ಲಿ. ನಮ್ಮ ಕರಾವಳಿಯ ಸಭೆಗಳು ಇಂದು ಸಿ.ಎಸ್.ಐ.ನಲ್ಲಿವೆ (ದಕ್ಷಿಣ ಭಾರತ ಸಭೆ), ಈ ಕಡೆ 1970ರಲ್ಲಿ ನಾಗಪುರದಲ್ಲಿ ಆರು ಸಭೆಗಳು ಕೂಡಿ ಆದ ಸಿ.ಎನ್.ಐ. (ಉತ್ತರ ಭಾರತ ಸಭೆ) ಇದೆ. ಹಾಗಾಗಿ ಕ್ರೈಸ್ತಳಾದ ನಾನೂ ಇಲ್ಲಿಗೆ ಬಂದಾಗ ಅಪರಿಚಿತಳೇ. ಗುರುವಾರ ಪೇಠೆಯ ಪಂಚಹೌದ್ ದೇವಾಲಯಕ್ಕೆ ಮೊದಲ ಸಲ ಹೋದಾಗ ಆರಾಧನೆ ಮರಾಠಿಯಲ್ಲಿತ್ತು. ಪರಲೋಕದ ಪ್ರಾರ್ಥನೆ ಬಂದಾಗ ಅವರು ಮರಾಠಿಯಲ್ಲಿ, ನಾನು ಮೆಲ್ಲಗೆ ಕನ್ನಡದಲ್ಲಿ ಹೇಳಿದೆವು. ಒಂದೇ ಹೊತ್ತಿಗೆ ಮುಗಿಯಿತು.

ನೀವೆಲ್ಲ ಯಾರ ಕೈಯಿಂದ ಯಾರು ಏನು ತಿನ್ನಬಹುದು ಎಂದು ಚರ್ಚಿಸುತ್ತಿದ್ದೀರಿ. ಆ ಪ್ರಶ್ನೆ ಇದೇ ಪಂಚಹೌದ್‌ನಲ್ಲಿ 1890ರಲ್ಲಿ ಇಡೀ ಪುಣೆಯನ್ನು ಅಲುಗಾಡಿಸಿತ್ತು. ಇಲ್ಲಿಯ ಮಿಶನ್ನಿನಲ್ಲಿ ನಡೆದ ಒಂದು ಸಭೆಯ ಕೊನೆಗೆ ಚಹಾ, ಬಿಸ್ಕತ್ತು ಕೊಟ್ಟರು. ಬಂದವರಲ್ಲಿ ನ್ಯಾಯಮೂರ್ತಿ ರಾನಡೆ, ಲೋಕಮಾನ್ಯ ತಿಲಕ್ ಇದ್ದರು. ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದವು, ದೂರು ಶಂಕರಾಚಾರ್ಯರವರೆಗೆ ಹೋಯಿತು, ಪ್ರಾಯಶ್ಚಿತ್ತದ ತೀರ್ಪು ಬಂತು. ಒಂದು ಬಟ್ಟಲು ಚಹಾಕ್ಕೆ!

ಇಂದು ಆರಾಧನೆ ಮುಗಿದ ಮೇಲೆ ಚಹಾ ಕೊಟ್ಟರೆ ಯಾರೂ ತಡೆದು ಯೋಚಿಸುವುದಿಲ್ಲ. ಮಾಹಿಮ್ ಅಕ್ಕ, ಪೂಜೆ ಮುಗಿದ ಮೇಲೆ ನಿಮಗೆ ಅಲ್ಲಿ ಏನಾದರೂ ಕೊಟ್ಟರೇ?

ಮಾಹಿಮ್ ಮಲ್ಲಿಗೆ (ಅಕ್ಟೋಬರ್ 17)

ಕೊಟ್ಟರು. ಬಾಗಿಲ ಹೊರಗೆ ಬಾಯಿಯ ಮಗಳು ಒಂದು ಬುಟ್ಟಿ ಹಿಡಿದು ನಿಂತಿದ್ದಳು. ಕಾಗದದಲ್ಲಿ ಸುತ್ತಿದ ಕೇಕಿನ ತುಂಡುಗಳು, ಬಂದವರಿಗೆಲ್ಲ ಒಂದೊಂದು. ನನಗೆ ಎರಡು ಕೊಟ್ಟಳು, "ಅಂಕಲ್‌ಗೂ" ಎಂದು. ಅವಮಾನದ ಗಡಿಬಿಡಿಯಲ್ಲಿ ಚೀಲಕ್ಕೆ ಹಾಕಿಕೊಂಡು ಮರೆತೇಬಿಟ್ಟಿದ್ದೆ. ಬಂದವರಿಗೆಲ್ಲ ಹಂಚುವ ಪ್ರಸಾದ ಅದೇ ಆಗಿತ್ತು ಎಂದು ಬೊರಿವಲಿಯವರ ಮಾತು ಓದಿದ ಮೇಲೆ ಹೊಳೆಯಿತು. ಯಜಮಾನರು ಮಾರನೆಯ ದಿನ ಎರಡನ್ನೂ ತಾವೇ ತಿಂದು ಮುಗಿಸಿದ್ದರು.

ಬಿದರಿ ಹೂಜಿಯವರೇ, ನಿಮ್ಮ ಬರಹವನ್ನು ಯಜಮಾನರಿಗೆ ಓದಿ ಹೇಳಿದೆ. ನನ್ನ ತವರಿನಲ್ಲೂ ಮೇಲಿನಿಂದ ಹಾಕುತ್ತಿದ್ದರು. ನಾನು ಹಾಕಿದವರ ಮನೆಯವಳು. ಇದನ್ನು ಬರೆಯದೆ ಸುಮ್ಮನಿರಲು ಮನಸ್ಸಾಗಲಿಲ್ಲ.

ಇನ್ನೊಂದು ಕೇಳಬೇಕಿತ್ತು. ನವೆಂಬರ್ 2ಕ್ಕೆ ಸತ್ತವರ ದಿನ, ಸಮಾಧಿಗೆ ಹೋಗುತ್ತೇವೆ ಎಂದು ಮಗಳು ಹೇಳಿದ್ದಾಳೆ. ನಾನೂ ಹೋಗಬಹುದೇ? ಮಲ್ಲಿಗೆ ಮಾಲೆ ತೆಗೆದುಕೊಂಡು ಹೋದರೆ ನಡೆಯುತ್ತದೆಯೇ? ಬಾಯಿಗೆ ಮಲ್ಲಿಗೆ ಎಂದರೆ ಪ್ರಾಣ.

ಬೊರಿವಲಿ ತೆನೆ (ಅಕ್ಟೋಬರ್ 17)

ಖಂಡಿತ ಹೋಗಿ. ಅಲ್ಲಿ ಸಾಲೂ ಇಲ್ಲ, ಪ್ರಶ್ನೆಯೂ ಇಲ್ಲ. ಮಲ್ಲಿಗೆ ನಡೆಯುತ್ತದೆ. ಮೇಣದಬತ್ತಿ ನಾಲ್ಕಾರು ಇಟ್ಟುಕೊಳ್ಳಿ, ಗಾಳಿಗೆ ಆರುತ್ತವೆ. ಹೂವನ್ನು ಹಿಂದಿನ ದಿನವೇ ಕೊಂಡುಬಿಡಿ, ಅಂದು ಗೇಟಿನ ಹೊರಗೆ ಬಹಳ ದುಬಾರಿ. ಬಿಸಿಲು ಇಳಿಯುವ ಮೊದಲೇ ತಲುಪಿದರೆ ಸಮಾಧಿ ತೊಳೆಯುವುದಕ್ಕೆ ಮಗಳಿಗೆ ಒಂದು ಕೈ ಸಿಕ್ಕಂತಾಗುತ್ತದೆ.